ಅಣ್ಣನ ಪಿಂಗಾಣಿ ಹಲ್ಲು

ನಮ್ಮ ಮೈಗಿರುವಷ್ಟು ಅನುಮಾನ ಯಾವ ಅತ್ತೆಗೂ ಇರಲಾರದು. ಅಂಗಾಲಿಗೊಂದು ಜಾಲಿಮುಳ್ಳು ಹೊಕ್ಕರೆ ಸಾಕು, ಬೆಳಗಾಗುವುದರೊಳಗೆ ಕೆಂಪಗಾಗಿ, ಬಿಸಿಯೇರಿ, ಊದಿಕೊಂಡು ಕುಂಟುವಂತೆ ಮಾಡುತ್ತದೆ. ಹೊರಗಿನಿಂದ ಬಂದದ್ದನ್ನು ರಕ್ತದ ಬಿಳಿಕಣಗಳು ಮುತ್ತಿಕೊಂಡು ವಿಚಾರಿಸುವ ರೀತಿ ಇದು ಎಂದು ಹಿರಿಯೂರಿನ ಹೈಸ್ಕೂಲಿನಲ್ಲಿ ನಾನೇ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ವಿಚಾರಿಸಲಿ ಪಾಪ, ಮುಳ್ಳನ್ನು ವಿಚಾರಿಸಲಿ. ಹಲ್ಲನ್ನಾದರೂ ಬಿಡಬಾರದೆ?

ಎಪ್ಪತ್ತರ ದಶಕದ ಮಾತು. ಜವನಗೊಂಡನಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ನಮ್ಮಣ್ಣನಿಗೆ ಟಗರು ಗುದ್ದಿ ಮುಂದಿನ ಹಲ್ಲು ಹೋಯಿತು. ಅದರ ಜೊತೆ ಸಿಳ್ಳೆಯೂ ಹೋಯಿತು. ಅವನ ಸಿಳ್ಳೆಗೆ ಇಡೀ ಹಿಂಡು ತಲೆಯೆತ್ತಿ ತಿರುಗುತ್ತಿತ್ತು. ಈಗ ಬಾಯಿಂದ ಬರೀ ಗಾಳಿ. ಕುರಿಗಳು ಕಂಡವರ ಹೊಲಕ್ಕೆ ನುಗ್ಗಿ ದಿನಾ ಜಗಳ. ಹಿಂಡು ಮಾರಿಬಿಡಿ ಎಂದು ಅತ್ತಿಗೆ ಹಟ ಹಿಡಿದಳು. ಕುರಿಯಿಲ್ಲದೆ ಅಣ್ಣ ಬದುಕುವುದು ಸುಳ್ಳು.

ಆಗ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ಕುಳಿತ. ಪರದೇಶದಲ್ಲಿ ಕಲಿತು ಬಂದ ಚಿತ್ರದುರ್ಗದ ಡಾಕ್ಟರೊಬ್ಬರು ದವಡೆಯ ಮೂಳೆಗೇ ಪಿಂಗಾಣಿ ಬೇರು ನೆಟ್ಟು ಹಲ್ಲು ಕೂರಿಸುತ್ತಾರಂತೆ. ಅಣ್ಣನನ್ನು ಎಳೆದುಕೊಂಡು ಹೋದೆ. "ಪಿಂಗಾಣಿ ತುಕ್ಕು ಹಿಡಿಯಲ್ಲ, ಮೈ ಅದರ ತಂಟೆಗೆ ಹೋಗೋದು ಕಡಿಮೆ" ಎಂದರು ಡಾಕ್ಟರು. ಮನೆಯ ಉಪ್ಪಿನಕಾಯಿ ಜಾಡಿ ನೆನೆದು ನಾನೂ ತಲೆದೂಗಿದೆ. ಅಷ್ಟು ಹುಳಿ, ಅಷ್ಟು ಖಾರದ ಜೊತೆ ತಕರಾರಿಲ್ಲದೆ ಬಾಳುವ ವಸ್ತು ಅಣ್ಣನ ಜೊತೆ ಬಾಳಲಾರದೆ?

ಬಾಳಲಿಲ್ಲ. ಹಲ್ಲು ಕೂರಿಸಿಕೊಂಡು ಊರಿಗೆ ಬಂದ ವಾರದೊಳಗೆ ಒಸಡು ಬಾತು ಕೆನ್ನೆ ಬೋಂಡದಂತಾಯಿತು. ಅಣ್ಣ ತನಗೆ ಗೊತ್ತಿದ್ದ ವಿದ್ಯೆ ತೆಗೆದ. ಮರಿ ಸತ್ತ ತಾಯಿಕುರಿ ತಬ್ಬಲಿ ಮರಿಯನ್ನು ಒದ್ದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸುತ್ತಾರೆ. ತಾಯಿ ಮೂಸಿ ನೋಡಿ ಮೊಲೆ ಕೊಡುತ್ತದೆ. ಅಣ್ಣ ತನ್ನ ಉದುರಿದ ಹಲ್ಲನ್ನು ಕಲ್ಲಿನ ಮೇಲೆ ತೇದು ಒಸಡಿಗೆ ಹಚ್ಚಿದ. "ತನ್ನದೇ ವಾಸ್ನೆ ಸಿಕ್ರೆ ದವಡೆ ಸೇರಿಸ್ಕಂತೈತೆ ಕಣಪ್ಪ" ಎಂದ. ನಗಬೇಕಾದ ಮೇಷ್ಟ್ರು ನಾನು, ಹಾಗೇ ಆಗಲಿ ದೇವರೇ ಎಂದುಕೊಂಡೆ.

ಕೀವು ತುಂಬಿತು. ತೇದದ್ದಕ್ಕೋ, ದವಡೆ ಮೊದಲೇ ತೀರ್ಮಾನ ಮಾಡಿತ್ತೋ, ಡಾಕ್ಟರಿಗೂ ತಿಳಿಯಲಿಲ್ಲ. ಮತ್ತೆ ಚಿತ್ರದುರ್ಗಕ್ಕೆ ಕರೆದೊಯ್ದ ಅಣ್ಣನನ್ನು ಅಲ್ಲೇ ಕೆಲದಿನ ಉಳಿಸಿಕೊಂಡು ಹಲ್ಲು ಕಿತ್ತು ಕಳಿಸಿದರು. ಕಚೇರಿಯವರು ಸತಾಯಿಸಿದರೆ ಮೇಲಿನವರಿಗೆ ಅರ್ಜಿ ಹಾಕಬಹುದು. ಅನ್ನ ಹಾಕಿ ಸಾಕಿದ ಮೈಯೇ ಆಗುವುದಿಲ್ಲ ಎಂದರೆ ಯಾರಿಗೆ ದೂರುವುದು?

ವಾಪಸು ಬರುವಾಗ ಆದಿವಾಲದ ಹತ್ತಿರ ಕುರಿಹಿಂಡೊಂದು ಅಡ್ಡಬಂದು ಬಸ್ಸು ನಿಂತಿತು. ಯಾರೋ ಅಪರಿಚಿತ ಹಿಂಡು ಹೊಡೆಯುತ್ತಿದ್ದ. ಅಣ್ಣ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಸಿಳ್ಳೆಗೆ ಬಾಯಿ ಮಾಡಿದ. ರಕ್ತ ಬೆರೆತ ಎಂಜಲು ಬಂತು, ಗಾಳಿ ಬಂತು. ಒಂದು ಕುರಿಯೂ ತಲೆಯೆತ್ತಲಿಲ್ಲ.

"ಬ್ಯಾರೆಯವ್ರ ಕುರಿ ಬಿಡಣ್ಣ" ಎಂದೆ. "ನಿನ್ ಗುರುತು ಅವಕ್ಕೆ ಹೆಂಗೆ ಸಿಗ್ತೈತೆ?"

ಅಣ್ಣ ಒಳಗೆ ಬಂದು ಕುಳಿತು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡ.

"ನಮ್ಮವೇ ಕಣಪ್ಪ ಅವು. ನಿಮ್ಮತ್ತಿಗೆ ಮಾರ್ಬಿಟ್ಟವ್ಳೆ."