ಇಸ್ತ್ರಿ ದೊಡ್ಡಮ್ಮನ ಊಹೂಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ಇಸ್ತ್ರಿ ಅಂಗಡಿಯ ಶಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟು ಕಂದಾದ ಕಂಬಳಿ. ಹೋಟೆಲಿನಿಂದ ಬಂದ ಹಾಸಿಗೆ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ, ನೀರು ಚಿಮುಕಿಸಿ, ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ತಳ್ಳುತ್ತಿದ್ದಾರೆ. ಗಂಟು ಒಯ್ಯಲು ಬಂದ ವ್ಯಾನಿನ ಡ್ರೈವರ್ ಹಾರ್ನಿನ ಮೇಲೆ ಕೈ ಇಡುವಷ್ಟರಲ್ಲಿ ದೊಡ್ಡಮ್ಮ ಹೊರಗೆ ಬಂದು ಕಣ್ಣು ಬಿಡುತ್ತಾರೆ.

"ಹಾರ್ನ್ ಗೀರ್ನ್ ಹೊಡೆದೀಯ, ಜೋಕೆ. ಒಳಗೆ ಮಗು ಮಲಗಿದೆ."

ಮಗುವಿಗೆ ಹತ್ತೊಂಬತ್ತು ವರ್ಷ. ದೊಡ್ಡಮ್ಮನ ತಂಗಿಯ ಮಗಳು ಅವಳು. ಮಾತಾಡಲು ಶುರು ಮಾಡಿದರೆ ಯಾವ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲವೆಂದು ಮನೆಮಂದಿಯೆಲ್ಲ ಅವಳನ್ನು ರೈಲು ಎಂದೇ ಕರೆಯುತ್ತಾರೆ. ಎರಡು ವರ್ಷ ಈ ಹೊತ್ತಿಗೆ ಇದೇ ಅಂಗಡಿಯಲ್ಲಿ, ಬಟ್ಟೆಯ ಗಂಟುಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವೈದ್ಯಕೀಯ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದಿದವಳು. ಹೋದ ವಾರ ಫಲಿತಾಂಶ ಬಂದಿದೆ, ಸೀಟು ಸಿಕ್ಕಿದೆ. ಅವತ್ತಿನಿಂದ ಬಿಸಿಲು ಮುಖಕ್ಕೆ ಬಡಿಯುವ ತನಕ ಏಳುತ್ತಿಲ್ಲ. ಏಳಿಸಲು ದೊಡ್ಡಮ್ಮ ಯಾರನ್ನೂ ಬಿಡುತ್ತಿಲ್ಲ.

"ನನಗೂ ಈಗ ನಿದ್ದೆ ಬರ್ತಿದೆ," ಎನ್ನುತ್ತಾರೆ. "ಮೊದ್ಲೆಲ್ಲ ಕಣ್ಣು ಮುಚ್ಚಿದ್ರೆ ಇವಳ ಅಪ್ಪನ ಮುಖ ಕಾಣಿಸ್ತಿತ್ತು."

ಇಸ್ತ್ರಿ ದೊಡ್ಡಮ್ಮ ಎಂದರೆ ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಅವರ ಬಗ್ಗೆ ಯೋಚಿಸಿದವರಲ್ಲ. ಗರಿಗರಿ ಅಂಗಿ ತೊಟ್ಟವನಿಗೆ ಅದನ್ನು ಗರಿಗರಿ ಮಾಡಿದ ಕೈ ಯಾಕೆ ನೆನಪಾಗಬೇಕು? ಅಂಗಡಿ ಗಂಡನದು. ಗಂಡ ಬಟ್ಟೆ ತರುತ್ತಿದ್ದರು, ಒಯ್ಯುತ್ತಿದ್ದರು. ಹೆಂಡತಿ ಇಸ್ತ್ರಿ ಮಾಡುತ್ತಿದ್ದರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಂಟು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಗಂಡ ಕುಸಿದರು. ಆಸ್ಪತ್ರೆಗೆ ಸೇರಿಸಿದರೂ ವಾರ ದಾಟಲಿಲ್ಲ. ಅಲ್ಲಿಂದೀಚೆಗೆ ತರುವುದು, ತಿಕ್ಕುವುದು, ಮಡಚುವುದು ಎಲ್ಲ ಒಂದೇ ಜೋಡಿ ಕೈ. ದಿನಕ್ಕೆ ಇನ್ನೂರು ಬಟ್ಟೆ, ಮದುವೆಯ ಕಾಲದಲ್ಲಿ ಇನ್ನೂ ಹೆಚ್ಚು. ಬಲಗೈಯ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಶಾಲೆಯ ಮಾತು ತೆಗೆದರೆ, "ಐದನೇ ಕ್ಲಾಸು. ಅದರಲ್ಲಿ ಎರಡು ವರ್ಷ ಕೂತಿದ್ದೆ, ಹಾಗಾಗಿ ಆರು ಅಂತಾನೇ ಲೆಕ್ಕ," ಎಂದು ನಗುತ್ತಾರೆ.

ರೈಲು ಇಲ್ಲಿಗೆ ಬಂದದ್ದು ಟ್ಯೂಷನ್ನಿಗೆ ಹತ್ತಿರವೆಂದು. ಓದಿದ್ದನ್ನು ಯಾರಿಗಾದರೂ ಒಪ್ಪಿಸಬೇಕು, ಗೋಡೆಗೆ ಹೇಳಿದರೆ ಬೇಜಾರು. ದೊಡ್ಡಮ್ಮ ಹೇಗೂ ನಸುಕಿಗೇ ಎದ್ದಿರುತ್ತಾರೆ. ಹುಡುಗಿ ಪಾಠ ಹೇಳುತ್ತಿದ್ದಳು, ದೊಡ್ಡಮ್ಮ ಕಥೆ ಕೇಳುವವರ ಹಾಗೆ ಹೂಂ ಹೂಂ ಎಂದು ಹೂಂಗುಟ್ಟುತ್ತಿದ್ದರು. ಮೊದಲ ವರ್ಷವೆಲ್ಲ ಹೀಗೇ ಸುಖವಾಗಿ ಕಳೆಯಿತು. ಪರೀಕ್ಷೆಯಲ್ಲಿ ನೂರಕ್ಕೆ ಅರವತ್ತೊಂದು ಬಂತು. ಆ ಅಂಕಕ್ಕೆ ಯಾವ ಕಾಲೇಜೂ ಬಾಗಿಲು ತೆಗೆಯುವುದಿಲ್ಲ.

ಹುಡುಗಿ ಎರಡು ದಿನ ಅತ್ತಳು. ಮೂರನೆಯ ದಿನ ಪ್ರಶ್ನೆಪತ್ರಿಕೆ ಹಿಡಿದು ಅಂಗಡಿಗೆ ಬಂದಳು. ತಪ್ಪಾದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅವಳು ಇದೇ ಗಂಟಿನ ಮೇಲೆ ಕೂತು ಒಪ್ಪಿಸಿದ ಪಾಠಗಳವೇ. ಬರುತ್ತದೆ ಎಂದುಕೊಂಡಿದ್ದವು, ಹಾಗಾಗಿ ಮತ್ತೆ ತಿರುವಿಯೂ ನೋಡಿರಲಿಲ್ಲ.

"ದೊಡ್ಡಮ್ಮಾ, ನಿಜ ಹೇಳು. ಇದು ನಿನಗೆ ಅರ್ಥ ಆಗಿತ್ತಾ?"

"ಒಂದಕ್ಷರನೂ ಇಲ್ಲ."

"ಮತ್ಯಾಕೆ ಹೂಂ ಅಂದೆ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ನಡುವೆ ನಿಲ್ಸೋಕೆ ಮನಸ್ಸು ಬರ್ಲಿಲ್ಲ ಕಣೇ."

ಹುಡುಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಪ್ರೀತಿಯ ಹೂಂ ಮಗುವಿನ ಒಂದು ವರ್ಷ ನುಂಗಿತಲ್ಲ ಎಂದು ದೊಡ್ಡಮ್ಮ ಕೊರಗಿದರು. ಕೋಲೆಬಸವ ತಲೆಯಾಡಿಸುವುದಕ್ಕೂ ತಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ಅಷ್ಟರಲ್ಲಿ ಹುಡುಗಿಯ ಅಪ್ಪ ಟೈಲ್ಸ್ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಅವಳಿಗೊಂದು ಕೆಲಸ ನೋಡಿಯೂ ಆಗಿತ್ತು. ದೊಡ್ಡಮ್ಮ ಜೀವನದಲ್ಲಿ ಮೊದಲ ಸಲ ತಂಗಿಯ ಗಂಡನ ಎದುರು ನಿಂತು, "ಇನ್ನೊಂದು ವರ್ಷ ನನ್ನ ಹತ್ರ ಬಿಡಿ, ಜವಾಬ್ದಾರಿ ನನ್ನದು," ಎಂದರು. "ಒಂದೇ ವರ್ಷ ಅತ್ತಿಗೆ," ಎಂದರು ಅವರು.

ಹೊಸ ವರ್ಷಕ್ಕೆ ಹೊಸ ಕರಾರು. ಪುಸ್ತಕ ಮುಚ್ಚಿಟ್ಟು ಹೇಳಬೇಕು. ಅರ್ಥವಾದರೆ ಹೂಂ, ಆಗದಿದ್ದರೆ ಊಹೂಂ. ದಾಕ್ಷಿಣ್ಯ ಇಲ್ಲ. ಮೊದಲ ತಿಂಗಳು ಅಂಗಡಿಯಲ್ಲಿ ಕೇಳಿದ್ದು ಬರೀ ಊಹೂಂ. ಗಿಳಿಯ ಹಾಗೆ ಒಪ್ಪಿಸಿದ ಸಾಲುಗಳೆಲ್ಲ ಮೇಜಿನ ಈಚೆಯೇ ಬಿದ್ದುಹೋಗುತ್ತಿದ್ದವು. ಬೇರೆ ಮಾತಿನಲ್ಲಿ ಹೇಳಲು ಹೊರಟಾಗಲೇ ತನಗೆ ಎಲ್ಲಿ ಗೊತ್ತಿಲ್ಲ ಎಂಬುದು ಹುಡುಗಿಗೆ ಗೊತ್ತಾಗುತ್ತಿತ್ತು. ಅಷ್ಟನ್ನೇ ಹೋಗಿ ಓದಿಕೊಂಡು ಬರುತ್ತಿದ್ದಳು. ಸಾಲದ್ದಕ್ಕೆ ದೊಡ್ಡಮ್ಮನ ಮರೆವು ಬೇರೆ. "ನಿನ್ನೆ ಹೇಳಿದ್ದು ಮರ್ತೋಯ್ತು, ಮೊದ್ಲು ಅದನ್ನ ಹೇಳು" ಎನ್ನುವುದು ದಿನನಿತ್ಯದ ಮಾತಾಯಿತು. ವಾರದ ಹಿಂದಿನದು, ತಿಂಗಳ ಹಿಂದಿನದು, ಹೀಗೆ ಹಳೆಯ ಪಾಠಗಳೆಲ್ಲ ಮತ್ತೆ ಮತ್ತೆ ನಾಲಿಗೆಗೆ ಬಂದು ಮನಸ್ಸಿನಲ್ಲಿ ಬೇರೂರಿದವು.

"ನಾಟಕ ಮಾಡ್ತಿರ್ಲಿಲ್ಲ, ನಿಜವಾಗ್ಲೂ ಮರೀತಿದ್ದೆ," ಎನ್ನುತ್ತಾರೆ ದೊಡ್ಡಮ್ಮ. "ನನ್ನ ಮರೆವು ಒಬ್ಬರಿಗಾದ್ರೂ ಉಪಯೋಗಕ್ಕೆ ಬಂತಲ್ಲ."

ಭೌತಶಾಸ್ತ್ರ ಹುಡುಗಿಗೆ ಕಬ್ಬಿಣದ ಕಡಲೆ. ಒಂದು ದಿನ ಕುದಿಯುವ ನೀರೂ ನೂರು ಡಿಗ್ರಿ, ಅದರ ಆವಿಯೂ ನೂರು ಡಿಗ್ರಿ ಎಂದಳು. ದೊಡ್ಡಮ್ಮ ಮುಂಗೈಯ ಹಳೆಯ ಸುಟ್ಟ ಕಲೆ ನೋಡಿಕೊಂಡು ಊಹೂಂ ಎಂದರು. ನೀರು ಬಿದ್ದಿದ್ದಕ್ಕಿಂತ ಆವಿ ತಗುಲಿದ್ದು ಜಾಸ್ತಿ ಸುಟ್ಟಿತ್ತು, ಅದು ಯಾಕೆ? ಹುಡುಗಿ ಆ ದಿನವೆಲ್ಲ ಪುಸ್ತಕ ತಿರುವಿ ಮರುದಿನ ಉತ್ತರ ತಂದಳು. ಆವಿ ಮತ್ತೆ ನೀರಾಗುವಾಗ ಒಳಗೆ ಬಚ್ಚಿಟ್ಟುಕೊಂಡ ಶಾಖವನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತದೆ, ಅದಕ್ಕೆ ಗುಪ್ತೋಷ್ಣ ಎಂದು ಹೆಸರು.

"ಹೂಂ," ಎಂದರು ದೊಡ್ಡಮ್ಮ. "ನಿಮ್ಮಪ್ಪನ ಸಿಟ್ಟಿನ ಥರ ಅನ್ನು."

ಕಷ್ಟದ ದಿನ ಬಂದದ್ದು ಪರೀಕ್ಷೆಗೆ ಹದಿನೈದು ದಿನ ಇರುವಾಗ. ಪಾಠ ಹೃದಯದ್ದು. ಹುಡುಗಿ ಬಳಲಿದ್ದಳು, ಬೇಗ ಮುಗಿಸುವ ಆತುರವಿತ್ತು. ನಾಲ್ಕು ಕೋಣೆ, ನಡುವೆ ಕವಾಟ ಎಂದು ಗಡಗಡನೆ ಹೇಳಿದಳು. ಊಹೂಂ. ಇನ್ನೊಮ್ಮೆ ಹೇಳಿದಳು. ಊಹೂಂ. ಮೂರನೆಯ ಸಲಕ್ಕೂ ಊಹೂಂ ಬಂದಾಗ, "ಬೇಕಂತ್ಲೇ ಮಾಡ್ತಿದೀಯ," ಎಂದು ಪುಸ್ತಕ ಎಸೆದು ಎದ್ದುಹೋದಳು. ಅವತ್ತು ಊಟಕ್ಕೂ ಬರಲಿಲ್ಲ. ಒಂದು ಹೂಂ ಅಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ದೊಡ್ಡಮ್ಮ ಒಳಗೊಳಗೇ ಬೆಂದರು. ಆದರೆ ಅದೊಂದು ಪಾಠಕ್ಕೆ ಸುಳ್ಳು ಹೂಂ ಅವರ ಬಾಯಿಂದ ಹೊರಡುವಂತಿರಲಿಲ್ಲ. ಗಂಡನನ್ನು ಕೊಂದದ್ದು ಹೃದಯದ ಕವಾಟವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಬೆಳಿಗ್ಗೆ ಗಂಟು ಎತ್ತಿ ಎಂದವರು ದೊಡ್ಡಮ್ಮ. ಆರು ವರ್ಷ ಆ ಮಾತನ್ನು ಯಾರಿಗೂ ಹೇಳದೆ ಹೊತ್ತಿದ್ದರು.

ಮರುದಿನ ಹುಡುಗಿ ತಾನಾಗಿಯೇ ಬಂದಳು. ಒದ್ದೆ ಬೆರಳಿನಿಂದ ಹಾಸಿಗೆ ಬಟ್ಟೆಯ ಮೇಲೆ ನಾಲ್ಕು ಕೋಣೆ ಬರೆದಳು.

"ಕವಾಟ ಅಂದ್ರೆ ಬಾಗಿಲು ದೊಡ್ಡಮ್ಮ. ಒಂದೇ ಕಡೆ ತೆಗೆಯೋ ಬಾಗಿಲು. ಮುಂದೆ ಹೋದ ರಕ್ತ ವಾಪಸ್ ಬರಬಾರ್ದು."

"ಸರಿಯಾಗಿ ಮುಚ್ಚದೇ ಹೋದ್ರೆ?"

"ಸೋರುತ್ತೆ. ಅದೇ ರಕ್ತನ ಹೃದಯ ಮತ್ತೆ ಮತ್ತೆ ತಳ್ಳಬೇಕು. ತಳ್ಳಿ ತಳ್ಳಿ ಸೋತುಹೋಗುತ್ತೆ."

"ಒಂದು ಗಂಟು ಎತ್ತಿದ್ದಕ್ಕೆ ಹಾಗಾಗುತ್ತಾ?"

ಹುಡುಗಿ ತಲೆಯೆತ್ತಿ ನೋಡಿದಳು. ಪ್ರಶ್ನೆ ಯಾರದೆಂದು ಆಗ ಗೊತ್ತಾಯಿತು. "ಇಲ್ಲ ದೊಡ್ಡಮ್ಮ. ಬಾಗಿಲು ಕೆಟ್ಟು ಎಷ್ಟೋ ವರ್ಷ ಆಗಿರುತ್ತೆ. ದೊಡ್ಡಪ್ಪ ಸುಮ್ಮನೆ ಕೂತಿದ್ರೂ ಒಂದು ದಿನ ಆಗೋದೇ."

ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಕೂತರು. ಹೂಂ ಎಂದರು. ಬಟ್ಟೆಯ ಮೇಲಿನ ಕೋಣೆಗಳು ಅಷ್ಟರಲ್ಲಿ ಒಣಗಿದ್ದವು.

ಪರೀಕ್ಷೆಯಲ್ಲಿ ಹೃದಯದ ಮೇಲೆ ಬಂದದ್ದು ಒಂದೇ ಪ್ರಶ್ನೆಯಂತೆ, ಅದೂ ತೀರ ಸುಲಭದ್ದು. ಈ ಸಲ ನೂರಕ್ಕೆ ಎಂಬತ್ತೇಳು. ಹುಡುಗಿಯ ಅಪ್ಪ ಅಂಗಡಿಗೆ ಬಂದು, ತಾವು ತೊಟ್ಟಿದ್ದ ಅಂಗಿಯ ಇಸ್ತ್ರಿ ಚೆನ್ನಾಗಿದೆ ಎಂದು ಹೇಳಿ ಹೋದರು. ಟ್ಯೂಷನ್ನಿನವರು ಹುಡುಗಿಯ ಫೋಟೊ ಬ್ಯಾನರಿಗೆ ಹಾಕಿಸಿ, ಯಶಸ್ಸೆಲ್ಲ ತಮ್ಮದೆಂದು ಬರೆಸಿದ್ದಾರೆ. ದೊಡ್ಡಮ್ಮನಿಗೆ ಅದರ ಬಗ್ಗೆ ಬೇಜಾರಿಲ್ಲ. "ಫೋಟೊದಲ್ಲಿ ಕಾಲರ್ ಗರಿಗರಿ ಕಾಣ್ತಿದೆ, ಅಷ್ಟು ಸಾಕು," ಎನ್ನುತ್ತಾರೆ.

ಮುಂದಿನ ವಾರ ರೈಲು ಕಾಲೇಜಿಗೆ ಹೊರಡುತ್ತಾಳೆ. ಅವಳ ಬಿಳಿ ಕೋಟುಗಳು ಆಗಲೇ ಮೇಜಿನ ತುದಿಯಲ್ಲಿ ಮಡಚಿ ಕೂತಿವೆ. ಅವಳಿಂದ ನಿಮಗೇನು ಬೇಕು ಎಂದರೆ ದೊಡ್ಡಮ್ಮ ಮೊದಲು ಏನೂ ಬೇಡ ಎನ್ನುತ್ತಾರೆ. ಮುಂದಿನ ಬಟ್ಟೆ ಹಾಸಿ, ಅಂಚು ಸರಿಮಾಡಿ, ಆಮೇಲೆ ಮಾತಿಗೆ ಬರುತ್ತಾರೆ.

"ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಪಾಪ, ತುಂಬ ಹೊತ್ತು ನಿಂತು ಹೇಳಿದ್ರು. ಅರ್ಥ ಆಯ್ತೇನಮ್ಮ ಅಂತಾನೂ ಕೇಳಿದ್ರು. ನಾನು ಎಲ್ಲದಕ್ಕೂ ಹೂಂ ಅಂದೆ. ಇವಳಿಗೆ ಅಷ್ಟೇ ಹೇಳಿದೀನಿ. ನಾಳೆ ನೀನು ಡಾಕ್ಟರಾದಾಗ, ಎದುರಿಗೆ ನಿಂತವರು ಹೂಂ ಅಂದ್ರೆ ನಂಬಬೇಡ, ಇನ್ನೊಂದ್ಸಲ ಕೇಳು. ಭಯಕ್ಕೂ ಜನ ಹೂಂ ಅಂತಾರೆ."