ಅತ್ತೆಗೆ ಕೊಂಡ ನೀರಿನ ಚೀಲ

ನನ್ನ ಅತ್ತೆಗೆ ಎಪ್ಪತ್ತು ದಾಟಿದೆ. ಬೆಟ್ಟ ಹತ್ತುವಾಗ ಮಾತ್ರ ನನಗಿಂತ ಮುಂದೆ ಇರುತ್ತಾರೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ ಎಂದುಕೊಳ್ಳಿ. ಪನಮರಂ ಹತ್ತಿರದ ನಮ್ಮ ಕೇರಿಯ ಕೆಲವು ಹೆಂಗಸರು, ಮಳೆ ನಿಂತ ಮೇಲೆ, ಗದ್ದೆ ಕಾಫಿ ಕೆಲಸ ನೋಡಿಕೊಂಡು, ತಿಂಗಳಿಗೊಮ್ಮೆ ಯಾವುದಾದರೂ ಗುಡ್ಡಕ್ಕೆ ಹೋಗಿಬರುತ್ತೇವೆ. ನಮ್ಮದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ, ಹಾಗಾಗಿ ಸಂಜೆಗೆ ಮುಂಚೆ ಮರಳಲೇಬೇಕು. ಮೊದಲು ಅದು ಸೊಸೆಯಂದಿರ ಗುಂಪಾಗಿತ್ತು. ಒಂದು ಬೆಳಿಗ್ಗೆ ಅತ್ತೆ, "ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ನಿಂತರು. ಆಮೇಲೆ ಅವರನ್ನು ಬಿಟ್ಟು ಹೊರಟದ್ದಿಲ್ಲ.

ತಕರಾರು ಇದ್ದದ್ದು ನೀರಿನದು. ಅತ್ತೆ ಕುಡಿಯುವುದು ಮನೆಯ ಬಾವಿಯದೇ ನೀರು, ಅದೂ ಬಿಳಿ ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿದ್ದು. ಚೊಂಬು ತುಟಿಗೆ ತಾಗಬಾರದು, ಎತ್ತಿಯೇ ಕುಡಿಯಬೇಕು. ಬೆಟ್ಟಕ್ಕೂ ಹಿತ್ತಾಳೆ ಚೊಂಬನ್ನೇ ಕೈಯಲ್ಲಿ ಹಿಡಿದು ಬರುತ್ತಿದ್ದರು. ಕಳೆದ ಸಲ ಬಂಡೆ ದಾಟುವಾಗ ಎರಡೂ ಕೈ ಊರಬೇಕಾಗಿ ಬಂತು, ಚೊಂಬು ಉರುಳಿಹೋಯಿತು. ನಮ್ಮ ನೀರನ್ನು ಅವರು ಮುಟ್ಟಲಿಲ್ಲ. ಇಳಿಯುವಾಗ ತಲೆ ಸುತ್ತಿ ಹುಲ್ಲಿನ ಮೇಲೆ ಕುಸಿದು ಕೂತಾಗ ನನ್ನ ಜೀವ ಬಾಯಿಗೆ ಬಂದಿತ್ತು.

"ಇನ್ನು ಅಮ್ಮ ಬೆಟ್ಟಕ್ಕೆ ಹೋಗೋದು ಬೇಡ" ಎಂದರು ನನ್ನ ಗಂಡ. ಅತ್ತೆ ಅಂಗಳದಲ್ಲಿ ಒಣಗಿದ್ದ ಮೆಣಸನ್ನು ಮತ್ತೆ ಮತ್ತೆ ಹರವುತ್ತ ಕೂತರು. ಒಂದು ಮಾತಿಗೆ ನಾಲ್ಕು ಮಾತು ಕೊಡುವ ಹೆಂಗಸು ಹಾಗೆ ಸುಮ್ಮನಾದದ್ದು ನನಗೆ ಸಹಿಸಲಾಗಲಿಲ್ಲ. ಅವರ ಪರವಾಗಿ ನಾನೇ ಜಗಳಕ್ಕೆ ನಿಂತೆ. ಕೊನೆಗೆ ಗಂಡ ಒಂದು ಷರತ್ತಿಗೆ ಬಂದರು. ಹತ್ತುವಾಗ ಕೈ ಖಾಲಿ ಇರಬೇಕು, ಒಯ್ದ ನೀರನ್ನು ಅಮ್ಮನೇ ಕುಡಿದು ಮುಗಿಸಿರಬೇಕು. ನೀರು ಹಾಗೇ ವಾಪಸು ಬಂದರೆ ಅದೇ ಕೊನೆಯ ಬೆಟ್ಟ.

ಬೆನ್ನಿಗೆ ಹಾಕಿಕೊಂಡು ಪೈಪಿನಲ್ಲಿ ನೀರು ಕುಡಿಯುವ ಚೀಲಗಳನ್ನು ಪ್ರವಾಸಿಗರ ಬೆನ್ನ ಮೇಲೆ ನೋಡಿದ್ದೆ. ಅತ್ತೆಯನ್ನು ಕರೆದುಕೊಂಡು ಬತ್ತೇರಿ ಪೇಟೆಯ ಅಂಗಡಿಗೆ ಹೋದೆ. ಅಂಗಡಿಯಾತ ಮಲಯಾಳದಲ್ಲಿ ದೊಡ್ಡ ಚೀಲದ ಗುಣಗಾನ ಶುರುಮಾಡಿದ. ಅತ್ತೆ ಅದನ್ನು ಎತ್ತಿ ನೋಡಿ, "ಇದು ಕತ್ತೆ ಹೊರೋ ಸಂಚಿ" ಎಂದು ಪಕ್ಕಕ್ಕಿಟ್ಟರು. ಬೇರೆ ಚೀಲಗಳ ಒಳಗಿನ ನೀರಿನ ಕೋಶಗಳನ್ನು ಹೊರಗೆ ತೆಗೆಸಿದರು. ಸಣ್ಣ ಮುಚ್ಚಳದ್ದಕ್ಕೆ ಬೆರಳು ತೂರಿಸಿ, "ಕೈ ಹೋಗದ ಪಾತ್ರೆಯನ್ನ ತೊಳೆಯೋದು ಹೆಂಗೆ?" ಎಂದರು. ನಾನು ಬಣ್ಣ ನೋಡುತ್ತಿದ್ದೆ, ಅವರು ಪಾತ್ರೆ ನೋಡುತ್ತಿದ್ದರು. ಕಡೆಗೆ ಮೇಲಿನ ಅಂಚು ಪೂರ್ತಿ ಬಿಚ್ಚಿಕೊಳ್ಳುವ ಚಿಕ್ಕದೊಂದು ಸಿಕ್ಕಿತು. ಅತ್ತೆಯ ಕೈ ಬಳೆಸಮೇತ ಒಳಗೆ ಹೋಯಿತು. ಅಂಗಡಿಯಾತ ಅದಕ್ಕೆ ನೀರು ತುಂಬಿ, ಪೈಪಿನ ತುದಿಯ ರಬ್ಬರನ್ನು ಬೆರಳಿನಿಂದ ಒತ್ತಿ ಬಕೆಟ್ಟಿಗೆ ಬಿಟ್ಟು ತೋರಿಸಿದ. ನೀರು ಚೆನ್ನಾಗಿಯೇ ಬಂತು. ಸೀರೆಯ ಮೇಲೆ ಚೀಲ ಏರಿಸಿ, ಎದೆಯ ಪಟ್ಟಿ ಬಿಗಿದು, ಅಂಗಡಿಯ ಮುಂದೆ ಒಂದು ಸುತ್ತು ನಡೆದು ಅತ್ತೆ, "ಶೆರಿ, ಇದು ಮದಿ" ಎಂದು, ಇಷ್ಟು ಸಾಕೆಂಬುದನ್ನು ಅವನ ಭಾಷೆಯಲ್ಲೇ ಹೇಳಿದರು. ಅಂಗಡಿಯಾತ ಬೆವರು ಒರೆಸಿಕೊಂಡ.

ಮನೆಯಲ್ಲಿ ರಬ್ಬರಿನ ವಾಸನೆ ಹೋಗಲೆಂದು ನಿಂಬೆಹಣ್ಣು ಹಿಂಡಿದ ಬಿಸಿನೀರಿನಲ್ಲಿ ತೊಳೆದರು, ಮೂಸಿದರು, ಮತ್ತೆ ತೊಳೆದರು. ಹೊಸ ಮದುಮಗಳಿಗೂ ಅಷ್ಟು ಉಪಚಾರ ನಮ್ಮ ಮನೆಯಲ್ಲಿ ನಡೆದಿರಲಿಲ್ಲ. ನನಗಂತೂ ನಡೆದಿರಲಿಲ್ಲ.

ಹೊರಟ ದಿನ ಬಿಸಿಲು ಹಿತವಾಗಿತ್ತು. ಅರ್ಧ ಬೆಟ್ಟದಲ್ಲಿ ಕೂತಾಗ ಅತ್ತೆ ಪೈಪನ್ನು ಚೊಂಬಿನಂತೆಯೇ ಮೇಲೆತ್ತಿ, ಮುಖ ಮೇಲೆ ಮಾಡಿ ರಬ್ಬರು ಒತ್ತಿದರು. ಒಂದು ಹನಿಯೂ ಬರಲಿಲ್ಲ. ಚೀಲ ಬೆನ್ನಲ್ಲಿ ಕೆಳಗೆ, ಪೈಪು ತಲೆಯ ಮೇಲೆ. ನೀರು ತಾನಾಗಿ ಮೇಲೆ ಏರುತ್ತದೆಯೇ?

"ಅದನ್ನ ಬಾಯಲ್ಲಿ ಕಚ್ಚಿ ಎಳೀಬೇಕು ಅತ್ತೆ" ಎಂದೆ.

"ಕಚ್ಚೋದಾ? ಎಂಜಲಲ್ವಾ?"

"ನಿಮ್ಮದೇ ಪೈಪು, ನಿಮ್ಮದೇ ಬಾಯಿ!"

"ಆ ಎಂಜಲು ನೀರಿಗೆ ಇಳಿಯಲ್ವಾ? ಬ್ಯಾಡ. ನಂಗೆ ದಾಹ ಇಲ್ಲ."

ತುಟಿ ಒಣಗಿ ಬಿಳಿಚಿಕೊಂಡಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬತ್ತೇರಿಗೆ ಅಲೆದದ್ದು, ಗಂಡನ ಹತ್ತಿರ ಹೋರಾಡಿದ್ದು, ಎಲ್ಲವನ್ನೂ ಆ ಬೆಟ್ಟಕ್ಕೆ ಕೇಳುವ ಹಾಗೆ ಹೇಳಿದೆ. "ನಾಳೆಯಿಂದ ಮನೇಲೇ ಕೂತಿರಿ" ಎಂದೂ ಅಂದುಬಿಟ್ಟೆ. ಜೊತೆಯವರು ಹುಲ್ಲಿನ ಹೂ ನೋಡುತ್ತ ದೂರ ಸರಿದರು. ಅತ್ತೆ ಚೀಲವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಸೋತು ಕೊಡುತ್ತಿದ್ದಾರೆ ಎಂದುಕೊಂಡೆ.

"ಬೈದಿದ್ದು ಸಾಕು, ನೀನು ಹಾಕ್ಕೊ. ಮುಂದೆ ಹತ್ತು" ಎಂದರು.

ಹಾಕಿಕೊಂಡು ಮುಂದಿನ ಬಂಡೆ ಏರಿದೆ. ಅವರು ಕೆಳಗೆ ನಿಂತು, ನನ್ನ ಬೆನ್ನಿನಿಂದ ಜೋತುಬಿದ್ದ ಪೈಪನ್ನು ಹಿಡಿದು, ಮುಖ ಎತ್ತಿ ಒತ್ತಿದರು. ಈಗ ಚೀಲ ಮೇಲೆ, ಬಾಯಿ ಕೆಳಗೆ. ನೀರು ಸಣ್ಣ ಧಾರೆಯಾಗಿ, ತುಟಿಗೆ ತಾಗದೆ, ನೇರ ಗಂಟಲಿಗೆ ಇಳಿಯಿತು. ಗುಟುಕಿನ ಸದ್ದು ಕೇಳಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಲ್ಲಿಂದ ತುದಿಯವರೆಗೆ ಹಾಗೆಯೇ ಹೋದೆವು. ಬಾಯಾರಿದಾಗಲೆಲ್ಲ ಹಿಂದಿನಿಂದ ಪೈಪು ಜಗ್ಗುತ್ತಿತ್ತು, ಹಸುವಿನ ಹಗ್ಗ ಜಗ್ಗಿದ ಹಾಗೆ, ನಾನು ನಿಲ್ಲುತ್ತಿದ್ದೆ. ಇಳಿಯುವಾಗ ಅವರು ಮುಂದೆ, ನಾನು ಹಿಂದೆ. ಹೊರೆ ನನ್ನದು, ನೀರು ಅವರದು. ಇಷ್ಟು ಸಂತೋಷದಿಂದ ನಾನು ಯಾರ ಹೊರೆಯನ್ನೂ ಹೊತ್ತಿಲ್ಲ.

ಬೆಟ್ಟದ ಬುಡ ಹತ್ತಿರವಾಗುವ ಹೊತ್ತಿಗೆ ನನ್ನ ಬಾಟಲಿ ಖಾಲಿಯಾಗಿತ್ತು. ಗಂಟಲು ಒಣಗಿ ಕೈ ಪೈಪಿನ ಕಡೆ ಹೋಯಿತು, ಹಿಂದಕ್ಕೆ ಬಂತು. ನಾನು ಕಚ್ಚಿದರೆ ಆ ನೀರು ಅವರಿಗಿಲ್ಲ. ಅತ್ತೆ ತಿರುಗಿ ನೋಡಿದರು. ಏನೂ ಕೇಳದೆ ಚೀಲ ಬಿಚ್ಚಿಸಿ ತಮ್ಮ ಬೆನ್ನಿಗೆ ಏರಿಸಿಕೊಂಡು, ದಾರಿಯ ಪಕ್ಕದ ಬಂಡೆ ಹತ್ತಿ ನಿಂತರು. "ಕೂತ್ಕೊ. ಬಾಯಿ ತೆಗಿ."

ಮೊಮ್ಮಗ ಕಾಣುವ ವಯಸ್ಸಿನಲ್ಲಿ ನಾನು ನೆಲದಲ್ಲಿ ಕೂತು ಬಾಯಿ ತೆಗೆದೆ. ಅವರು ಪೈಪು ಒತ್ತಿ, ನಿಧಾನವಾಗಿ, ಚೆಲ್ಲದ ಹಾಗೆ, ಇದ್ದಷ್ಟನ್ನೂ ಕುಡಿಸಿದರು.

ಮನೆಗೆ ಬಂದಾಗ ಗಂಡ ಜಗಲಿಯಲ್ಲೇ ಕಾಯುತ್ತಿದ್ದರು. ಮೊದಲು ಚೀಲವನ್ನೇ ತೆಗೆದುಕೊಂಡು ಅಲ್ಲಾಡಿಸಿದರು. ಸದ್ದಿಲ್ಲ.

"ಎಲ್ಲಾ ಅಮ್ಮನೇ ಕುಡಿದಿದ್ದಾ?"

"ಮತ್ತೆ ಇನ್ಯಾರು ಕುಡೀತಾರೆ?" ಎಂದರು ಅತ್ತೆ, ನನ್ನ ಮುಖ ನೋಡದೆ. ನಾನೂ ಹೌದೆಂದು ತಲೆಯಾಡಿಸಿದೆ. ಗಂಡ ಚೀಲವನ್ನು ತಾವೇ ಒಯ್ದು, ಮೆಣಸಿನ ಪಕ್ಕದ ಹಗ್ಗದ ಮೇಲೆ, ಮುಂದಿನ ತಿಂಗಳಿಗೆಂದು ಒಣಗಲು ಹಾಕಿದರು.