ಎಲ್ಲಾ ಲಾಟಿಗೂ ಹದಿನೇಳು

ಮಸ್ಕಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಲಿಂಗಸುಗೂರಿನಲ್ಲಿ ಹಗಲು ಮೋಟಾರು ವೈಂಡಿಂಗ್ ಮಾಡಿ, ಸಂಜೆ ಕಂಪ್ಯೂಟರ್ ಕಲಿತೆ. ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ಒಂದು ಅಕ್ಕಿ ಗಿರಣಿಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆದುಕೊಟ್ಟೆ. ಡಿಗ್ರಿಯವರು ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಗಿರಣಿಯ ಕಣದಲ್ಲಿ ಭತ್ತ ಒಣಗಿಸುವ ಹೆಂಗಸರಿಗೆ ಗೊರೇಬಾಳದ ಅಕ್ಕನೊಬ್ಬಳು ಮುಂದಾಳು. ಒಣಗಿದ ಒಂದೊಂದು ಲಾಟಿನ, ಅಂದರೆ ಒಂದೊಂದು ರಾಶಿಯ, ತೇವವನ್ನೂ ಮೀಟರಿನಲ್ಲಿ ಅಳೆದು ಕೂಗುತ್ತಿದ್ದಳು, ಗುಮಾಸ್ತ ಟೈಪ್ ಮಾಡುತ್ತಿದ್ದ. ಒಂದು ಸಂಜೆ ಮೊದಲ ಸಲ ಪಟ್ಟಿ ತೆಗೆದರೆ ಅವಳ ಒಂಬತ್ತೂ ಲಾಟಿಗೆ ತೇವ ಶೇಕಡಾ ಹದಿನೇಳು. ಗೇಟಿನಲ್ಲಿ ಅಳೆದ ಹಸಿ ಭತ್ತದ ಅಂಕಿಗಳು ಮಾತ್ರ ಬೇರೆ ಬೇರೆ. ನೆರಳಲ್ಲಿ ಕೂತು ಒಂದೇ ಅಂಕಿ ಕೂಗಿದ್ದಾಳೆ ಎಂದುಕೊಂಡೆ. ಗಿರಣಿಯ ಸಾವುಕಾರರಿಗೆ ಹೇಳಿಯೂಬಿಟ್ಟೆ. ಸೋಮವಾರದಿಂದ ಅವಳು ಬರುವುದು ಬೇಡ ಎಂದರು ಅವರು.

ಅವಳು ಆಫೀಸಿನ ಬಾಗಿಲಿಗೆ ಬಂದಳು.

“ಒಂದೊಂದು ಲಾಟೂ ಅಳದೀನ್ರೀ.”

“ಕಂಪ್ಯೂಟರಿಗೆ ಸುಳ್ಳು ಹೇಳಾಕ ಬರಂಗಿಲ್ಲ ಯಕ್ಕಾ.”

“ಬಡವ್ರಿಗಷ್ಟ ಬರತೈತೇನು?” ಎಂದು ಹೊರಟುಹೋದಳು.

ಆ ಮಾತು ನಾಟಿತು. ಆದರೂ ಸಂಶಯ ನನ್ನ ಕಡೆ ತಿರುಗಲಿಲ್ಲ, ಗುಮಾಸ್ತನ ಕಡೆ ಹೋಯಿತು. ಶನಿವಾರ ಅವನ ಪಕ್ಕದಲ್ಲೇ ಕೂತು ಅವನ ಬೆರಳುಗಳ ಮೇಲೆ ಕಣ್ಣಿಟ್ಟೆ. ಅವಳು ಹನ್ನೊಂದು ಅಂದಳು, ಅವನು ಹನ್ನೊಂದನ್ನೇ ಹೊಡೆದ. ಮುಂದಿನ ಲಾಟು ಹದಿಮೂರು. ಹಿಂದಿನದನ್ನು ಮತ್ತೆ ತೆರೆಸಿದೆ. ಅದೂ ಹದಿಮೂರಾಗಿತ್ತು.

“ನನ್ನ ಬೆರಳು ಬಿಡ್ರಿ,” ಎಂದ ಗುಮಾಸ್ತ. “ನಿಮ್ಮವು ಏನ್ ಬರದಾವ ನೋಡ್ರಿ.”

ನನ್ನ ಪ್ರೋಗ್ರಾಂ ತೆರೆದು ನೋಡಿದೆ. ಹಸಿ ಭತ್ತದ ಕ್ಲಾಸಿನಲ್ಲಿ, ಅಂದರೆ ಲಾಟಿನ ವಿವರ ತುಂಬುವ ಅಚ್ಚಿನಲ್ಲಿ, ಪ್ರತಿ ಲಾಟಿಗೂ ತನ್ನದೇ ತೇವದ ಖಾನೆ ಇತ್ತು. ಅದರಿಂದ ಒಣ ಭತ್ತದ ಕ್ಲಾಸ್ ಹುಟ್ಟಿಸಿ, ಒಣಗಿದ ಮೇಲಿನ ತೇವಕ್ಕೆ ಇನ್ನೊಂದು ಖಾನೆ ಸೇರಿಸುವಾಗ ಅದರ ಮುಂದೆ ‘ಸ್ಟ್ಯಾಟಿಕ್’ ಎಂದು ಬರೆದಿದ್ದೆ. ಆ ಪದ ಇದ್ದರೆ ಖಾನೆ ಲಾಟಿನದಲ್ಲ, ಇಡೀ ಕ್ಲಾಸಿನದು. ಕೊನೆಗೆ ಬರೆದದ್ದೇ ಎಲ್ಲಕ್ಕೂ. ಯಂತ್ರದ ಲೆಕ್ಕಕ್ಕೆ ಅದು ತಪ್ಪೇ ಅಲ್ಲ, ಹಾಗಾಗಿ ಎಲ್ಲೂ ತಡೆಯದೆ ಒಪ್ಪಿಕೊಂಡಿತ್ತು.

ಫ್ಲಾಪಿ ಕೆಟ್ಟಿತ್ತು ಎನ್ನೋಣ ಎಂದುಕೊಂಡೇ ಸಾವುಕಾರರ ಮುಂದೆ ನಿಂತೆ. ಕಂಪ್ಯೂಟರಿನಲ್ಲಿ ದೋಷವಿತ್ತು, ಅವಳನ್ನು ಬಿಡಿಸಬೇಡಿ ಎಂದಷ್ಟೇ ಬಾಯಿಗೆ ಬಂತು. ಅವರು ತಲೆಯಾಡಿಸಿದರು. ಕಣಕ್ಕೆ ಹೋಗಿ ಅವಳಿಗೂ ಹಾಗೇ ಹೇಳಿದೆ. ಹೆಂಗಸರೆಲ್ಲ ಹರವಿದ ಭತ್ತದಲ್ಲಿ ಕಾಲಾಡಿಸುವುದನ್ನು ನಿಲ್ಲಿಸಿದರು.

“ಕಂಪ್ಯೂಟರ್ ತಪ್ಪೇತೋ, ನೀವು ತಪ್ಪೀರೋ?” ಎಂದು ಕೇಳಿದಳು ಅವಳು.

“ನಾನ, ಯಕ್ಕಾ.”

ಅವಳು ಮೀಟರಿಗೆ ಕಾಳು ತುಂಬಿ ಮುಳ್ಳು ನೋಡಿದಳು.

“ಹಂಗಾರ ಬರಕೋರಿ. ಹನ್ನೆರಡು.”

ಬರೆದುಕೊಂಡೆ, ಕಾಗದದ ಮೇಲೆ.